ನಾಯಿ, ಕ್ಯಾನ್ಸರ್ ಮತ್ತು ನೂರೈವತ್ತು ವರ್ಷದ ಒಂದು ಕತೆ

ಮುಂಬಯಿಯ ಪರೇಲ್ ಕಡೆ ಓಡಾಡಿದವರಿಗೆ ಇದು ಗೊತ್ತಿರುತ್ತದೆ. 1941ರಲ್ಲಿ ಶುರುವಾದ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ ಇರುವುದು ಅಲ್ಲೇ. ಅಲ್ಲಿಂದ ನಡೆದುಕೊಂಡೇ ಹೋಗಬಹುದಾದ ದೂರದಲ್ಲಿ ಬಾಯಿ ಸಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ, ಅದರ ಆವರಣದಲ್ಲೇ 1886ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜು. ಊರಿಂದ ಬಂದ ನೆಂಟರನ್ನೋ, ನೆಂಟರ ನೆಂಟರನ್ನೋ ಫೈಲು ಹಿಡಿದು ಟಾಟಾ ಆಸ್ಪತ್ರೆಗೆ ಕರೆದುಕೊಂಡು ಹೋಗದ ಮುಂಬಯಿ ಕನ್ನಡಿಗ ಸಿಗುವುದು ಕಷ್ಟ. ನಾನೂ ಈ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆದರೆ ಮನುಷ್ಯರ ಆಸ್ಪತ್ರೆಗೂ ನಾಯಿಗಳ ಆಸ್ಪತ್ರೆಗೂ ಹೀಗೊಂದು ಹಳೇ ಸಾಲದ ಸಂಬಂಧ ಇದೆ ಅಂತ ಮಾತ್ರ ಯೋಚಿಸಿರಲಿಲ್ಲ.

ಯೋಚಿಸುವ ಹಾಗೆ ಮಾಡಿದ್ದು ನಮ್ಮ ಸೊಸೈಟಿಯ ಮೂರನೇ ಮಹಡಿಯ ಮರಾಠಿ ಮನೆಯವರ ಲ್ಯಾಬ್ರಡಾರ್. ಹತ್ತು ವರ್ಷದ ನಾಯಿ. ಬಾಯಲ್ಲಿ ಕಪ್ಪು ಗಡ್ಡೆ. ಡಾಕ್ಟರು ಮೆಲನೋಮ ಅಂದರು. ಮನೆಯ ಯಜಮಾನರು ಲಿಫ್ಟಿನಲ್ಲಿ ಸಿಕ್ಕಾಗ ಕೇಳಿದರು: "ಸಾಹೇಬ್, ಅಮೆರಿಕದಲ್ಲಿ ರೇಡಿಯೇಶನ್ ಕೊಟ್ಟು ಜೊತೆಗೆ ಇಮ್ಯುನಿಟಿ ಇಂಜೆಕ್ಷನ್ನೂ ಕೊಡುತ್ತಾರಂತೆ, ನಿಜವಾ?" ಬ್ಯಾಂಕಿನವನಿಗೆ ಎಲ್ಲ ಗೊತ್ತಿರುತ್ತದೆ ಅನ್ನುವುದು ನಮ್ಮ ಜನರ ಹಳೇ ನಂಬಿಕೆ. ನಾನು ಬಿ.ಕಾಂ. ಓದಿದವನು, ವಿಜ್ಞಾನ ಹತ್ತನೇ ಕ್ಲಾಸಿಗೇ ಕೈಬಿಟ್ಟಿತ್ತು. ಆದರೂ ಓದುತ್ತಾ ಹೋದೆ. ಓದಿದ್ದನ್ನು ನಿಮಗೂ ಹೇಳಿಬಿಡುತ್ತೇನೆ, ಸ್ವಲ್ಪ ಉದ್ದವಾದೀತು, ಚಹಾ ಇಟ್ಟುಕೊಂಡು ಕೂತುಕೊಳ್ಳಿ.

ಕತೆ ಶುರುವಾಗುವುದು ರಷ್ಯಾದಲ್ಲಿ. 1876ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ನೋವಿನ್ಸ್ಕಿ ಎಂಬ ಪಶುವೈದ್ಯರು ಒಂದು ನಾಯಿಯ ಗಡ್ಡೆಯ ತುಣುಕನ್ನು ಮರಿಗಳ ಮೈಗೆ ಕಸಿ ಮಾಡಿದರು. ಗಡ್ಡೆ ಅಲ್ಲೂ ಬೆಳೆಯಿತು. ಒಂದು ಪ್ರಾಣಿಯ ಗಡ್ಡೆಯನ್ನು ಇನ್ನೊಂದರಲ್ಲಿ ಬೆಳೆಸಿ ನೋಡಿದ ಮೊದಲ ಯಶಸ್ವಿ ಪ್ರಯೋಗ ಇದೇ ಅನ್ನುತ್ತಾರೆ. ಆ ಗಡ್ಡೆ ಬಹಳ ವಿಚಿತ್ರದ್ದು. ನಮ್ಮ ಬೀದಿ ನಾಯಿಗಳ ಜನನಾಂಗದಲ್ಲಿ ಹೂಕೋಸಿನ ಹಾಗೆ ಕೆಂಪಗೆ ಬೆಳೆದಿರುವುದನ್ನು ನೀವೂ ನೋಡಿರಬಹುದು, ಅದೇ ಜಾತಿಯದು. ಕೂಡುವಾಗ ಒಂದು ನಾಯಿಯಿಂದ ಇನ್ನೊಂದಕ್ಕೆ ಹರಡುವುದು ವೈರಸ್ಸಲ್ಲ, ಕ್ಯಾನ್ಸರ್ ಕೋಶವೇ! 2006ರಲ್ಲಿ ಲಂಡನ್ನಿನ ವಿಜ್ಞಾನಿಗಳು ಇದನ್ನು ಡಿಎನ್‌ಎ ಪರೀಕ್ಷೆಯಿಂದ ಖಚಿತಪಡಿಸಿದರು. 2019ರಲ್ಲಿ ಜಗತ್ತಿನ ಬೇರೆಬೇರೆ ಕಡೆಯ 546 ಗಡ್ಡೆಗಳನ್ನು ಹೋಲಿಸಿದ ಅಧ್ಯಯನದ ಪ್ರಕಾರ ಇವೆಲ್ಲವೂ ಸುಮಾರು 4000ದಿಂದ 8500 ವರ್ಷಗಳ ಹಿಂದೆ ಏಷ್ಯಾದಲ್ಲಿ ಬದುಕಿದ್ದ ಒಂದೇ ಒಂದು ನಾಯಿಯ ಕೋಶಗಳ ಸಂತತಿ. ಆ ನಾಯಿ ಸತ್ತು ಸಾವಿರಾರು ವರ್ಷವಾಯಿತು, ಅದರ ರೋಗ ಮಾತ್ರ ಇನ್ನೂ ಅಂಧೇರಿಯ ಬೀದಿಯಲ್ಲಿ ತಿರುಗುತ್ತಿದೆ ಅಂದರೆ ನಂಬುತ್ತೀರಾ?

ನಮ್ಮ ವಿಷಯಕ್ಕೆ ಈ ಗಡ್ಡೆ ಯಾಕೆ ಮುಖ್ಯ ಅಂದರೆ, ಇದು ಕೆಲವು ನಾಯಿಗಳಲ್ಲಿ ತಾನಾಗಿಯೇ ಕರಗುತ್ತದೆ. ನಾಯಿಯ ಮೈಯೇ ಅದನ್ನು ಗುರುತಿಸಿ ಓಡಿಸುತ್ತದೆ. ವಿಕಿರಣಕ್ಕೂ ಇದು ಸುಲಭವಾಗಿ ಬಗ್ಗುತ್ತದೆ. ವಿನ್‌ಕ್ರಿಸ್ಟೀನ್ ಎಂಬ ಔಷಧಿಯನ್ನು ವಾರಕ್ಕೊಮ್ಮೆ ಕೊಟ್ಟರೆ ಬಹುಪಾಲು ನಾಯಿಗಳು ಗುಣವಾಗುತ್ತವೆ. ಆ ಔಷಧಿ ಕೆಲಸ ಮಾಡುವಾಗಲೂ ಮೈಯೊಳಗಿನ ರೋಗನಿರೋಧಕ ಪಡೆ ಎಚ್ಚೆತ್ತು ಗಡ್ಡೆಗೆ ನುಗ್ಗುವುದು ಕಾಣುತ್ತದೆ ಅಂತ 2018ರ ಒಂದು ಅಧ್ಯಯನ ತೋರಿಸಿತು. ಅಂದರೆ ಹೊರಗಿನಿಂದ ಒಂದು ಪೆಟ್ಟು, ಒಳಗಿನಿಂದ ಇನ್ನೊಂದು ಪೆಟ್ಟು. ಎರಡೂ ಸೇರಿದರೆ ಗೆಲುವು. ಮುಂದಿನ ಕತೆಯೆಲ್ಲ ಇದರ ವಿಸ್ತರಣೆಯೇ.

ಈಗ ನ್ಯೂಯಾರ್ಕಿಗೆ ಬನ್ನಿ. 1890ರಲ್ಲಿ ವಿಲಿಯಂ ಕೋಲಿ ಎಂಬ ಯುವ ಸರ್ಜನ್ ಹತ್ತಿರ ಬೆಸ್ಸಿ ಡಾಷಿಯೆಲ್ ಎಂಬ ಹದಿಹರೆಯದ ಹುಡುಗಿ ಕೈನೋವು ಅಂತ ಬಂದಳು. ಅದು ಸಾರ್ಕೋಮ ಆಗಿತ್ತು. ತೋಳನ್ನೇ ಕತ್ತರಿಸಿದರೂ 1891ರ ಜನವರಿಯಲ್ಲಿ ಹುಡುಗಿ ತೀರಿಕೊಂಡಳು. ಕೋಲಿಯವರಿಗೆ ಇದು ಬಹಳ ನಾಟಿತು. ಆಸ್ಪತ್ರೆಯ ಹಳೇ ದಾಖಲೆಗಳನ್ನೆಲ್ಲ ಜಾಲಾಡಿದರು (ದಾಖಲೆ ಜಾಲಾಡುವವರ ಬಗ್ಗೆ ನನಗೆ ವೃತ್ತಿಸಹಜ ಗೌರವ ಉಂಟು). ಸ್ಟೈನ್ ಎಂಬ ಜರ್ಮನ್ ವಲಸಿಗನ ಕತೆ ಸಿಕ್ಕಿತು. ಕುತ್ತಿಗೆಯಲ್ಲಿ ಗಡ್ಡೆ, ಎಷ್ಟು ಸಲ ಕತ್ತರಿಸಿದರೂ ಮತ್ತೆ ಬೆಳೆಯುತ್ತಿತ್ತು. ಕೊನೆಗೆ ಎರಿಸಿಪೆಲಾಸ್ ಎಂಬ ಚರ್ಮದ ಸೋಂಕು ಬಂದು, ಜ್ವರ ಏರಿ, ಇನ್ನೇನು ಹೋದ ಅನ್ನುವಾಗ ಗಡ್ಡೆಯೇ ಕರಗಿಹೋಯಿತು. ಕೋಲಿ ಆ ಮನುಷ್ಯನನ್ನು ಹುಡುಕಿಕೊಂಡು ಮ್ಯಾನ್‌ಹಟನ್ನಿನ ಬಡವರ ಕೇರಿಯಲ್ಲಿ ಮನೆಮನೆ ಅಲೆದರು. ಸಿಕ್ಕ. ಸುಮಾರು ಏಳು ವರ್ಷ ಕಳೆದಿತ್ತು, ಆರೋಗ್ಯವಾಗಿದ್ದ.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಅಂತ ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಕೋಲಿ ಮಾಡಿದ್ದು ಅದನ್ನೇ. 1891ರಿಂದ ರೋಗಿಗಳಿಗೆ ಬೇಕೆಂದೇ ಬ್ಯಾಕ್ಟೀರಿಯಾ ಚುಚ್ಚಿದರು. ಅದು ಅಪಾಯ ಅಂತ ಗೊತ್ತಾದ ಮೇಲೆ ಸತ್ತ ಬ್ಯಾಕ್ಟೀರಿಯಾದ ಮಿಶ್ರಣ ತಯಾರಿಸಿದರು. 'ಕೋಲಿ ಟಾಕ್ಸಿನ್' ಅಂತಲೇ ಅದಕ್ಕೆ ಹೆಸರು. ಕೆಲವರಿಗೆ ಗುಣವಾಯಿತು, ಹಲವರಿಗೆ ಆಗಲಿಲ್ಲ. ಯಾರಿಗೆ ಯಾಕೆ ಆಯಿತು ಅಂತ ವಿವರಿಸಲು ಆ ಕಾಲಕ್ಕೆ ವಿಜ್ಞಾನವೇ ಇರಲಿಲ್ಲ.

ಅಷ್ಟರಲ್ಲಿ ಎದುರಾಳಿ ಬಂದಿತ್ತು. 1895ರ ನವೆಂಬರಿನಲ್ಲಿ ರಾಂಟ್‌ಜೆನ್ ಕ್ಷ-ಕಿರಣ ಕಂಡುಹಿಡಿದರು, 1898ರಲ್ಲಿ ಕ್ಯೂರಿ ದಂಪತಿ ರೇಡಿಯಂ. ಕಿರಣ ಬಿಟ್ಟರೆ ಗಡ್ಡೆ ಕಣ್ಣೆದುರೇ ಕುಗ್ಗುತ್ತದೆ, ಅಳೆಯಬಹುದು, ಲೆಕ್ಕ ಇಡಬಹುದು. ಕೋಲಿ ಕೆಲಸ ಮಾಡುತ್ತಿದ್ದ ಮೆಮೋರಿಯಲ್ ಆಸ್ಪತ್ರೆಯಲ್ಲೇ ಜೇಮ್ಸ್ ಯೂಯಿಂಗ್ ರೇಡಿಯಂ ಪಕ್ಷದ ದೊಡ್ಡ ನಾಯಕರಾದರು, ಕೋಲಿಯವರ ಟಾಕ್ಸಿನ್ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಕೋಲಿ 1936ರಲ್ಲಿ ತೀರಿಕೊಂಡರು, ಅವರ ವಿಧಾನವೂ ಮೆಲ್ಲಗೆ ಮೂಲೆ ಸೇರಿತು. ಕಿರಣವೋ, ಮೈಯ ಸ್ವಂತ ಶಕ್ತಿಯೋ ಅಂತ ಒಂದೇ ಕಟ್ಟಡದಲ್ಲಿ ಎರಡು ಪಕ್ಷ. ಎರಡನ್ನೂ ಸೇರಿಸಿ ನೋಡೋಣ ಅನ್ನುವುದು ಗಟ್ಟಿಯಾಗಲು ಮುಂದೆ ಎಷ್ಟೋ ದಶಕ ಬೇಕಾಯಿತು. ಅಪ್ಪನ ಕಾಗದಪತ್ರಗಳನ್ನೆಲ್ಲ ಒಟ್ಟುಮಾಡಿ ಆ ವಿಚಾರವನ್ನು ಜೀವಂತ ಇಟ್ಟವರು ಕೋಲಿಯವರ ಮಗಳು ಹೆಲೆನ್. 1953ರಲ್ಲಿ ಅವರು ಸ್ಥಾಪಿಸಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇವತ್ತಿಗೂ ಇಮ್ಯುನೋಥೆರಪಿಗೆ ದೊಡ್ಡ ಆಸರೆ.

ಅದೇ 1953ರಲ್ಲಿ ಇಂಗ್ಲೆಂಡಿನ ಆರ್. ಎಚ್. ಮೋಲ್ ಒಂದು ಹೊಸ ಪದ ಟಂಕಿಸಿದರು: ಆಬ್‌ಸ್ಕೋಪಲ್. ಮೈಯ ಒಂದು ಕಡೆ ಕಿರಣ ಬಿಟ್ಟರೆ, ಕಿರಣ ಬೀಳದ ಬೇರೆಲ್ಲೋ ಪರಿಣಾಮ ಕಾಣುವುದು ಅಂತ ಅರ್ಥ. ಆಗ ಅದೊಂದು ಕುತೂಹಲದ ವಿಷಯ ಅಷ್ಟೇ.

ನಾಯಿಗಳು ಈ ಕತೆಯ ನಡುಮನೆಗೆ ಬರುವುದು ಇಲ್ಲಿಂದ. ಓದಲು ಕಷ್ಟವಾಗುವ ಭಾಗವೂ ಇದೇ. 1955ರಲ್ಲಿ ಡಾನಲ್ ಥಾಮಸ್ ಎಂಬ ವೈದ್ಯರು ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಸಣ್ಣ ಊರಿನ ಆಸ್ಪತ್ರೆಗೆ ಬಂದರು. ಅವರ ಯೋಚನೆ ಇಷ್ಟು: ಲ್ಯುಕೇಮಿಯ ಅಂದರೆ ರಕ್ತದ ಕ್ಯಾನ್ಸರ್. ಮೈಗೆಲ್ಲ ಕಿರಣ ಬಿಟ್ಟು ಕೆಟ್ಟ ಅಸ್ಥಿಮಜ್ಜೆಯನ್ನು ಸುಟ್ಟುಹಾಕಿ, ಆಮೇಲೆ ಇನ್ನೊಬ್ಬರ ಒಳ್ಳೆಯ ಮಜ್ಜೆ ತುಂಬಿದರೆ? 1957ರಲ್ಲಿ ಆರು ರೋಗಿಗಳಿಗೆ ಕಿರಣ ಕೊಟ್ಟು ಮಜ್ಜೆ ತುಂಬಿದ ವರದಿ ಪ್ರಕಟಿಸಿದರು. ನೂರು ದಿನದೊಳಗೆ ಆರೂ ಜನ ತೀರಿಹೋಗಿದ್ದರು. ಹಾಗಾಗಿ ಅವರು ನಾಯಿಗಳತ್ತ ತಿರುಗಿದರು. ಬೀಗಲ್ ನಾಯಿಗಳಿಗೆ ಮೈಗೆಲ್ಲ ಮಾರಕ ಪ್ರಮಾಣದ ಕಿರಣ, ನಂತರ ಮಜ್ಜೆ. ಕೆಲವಕ್ಕೆ ಹೊಸ ಮಜ್ಜೆ ಹತ್ತಲಿಲ್ಲ. ಕೆಲವಕ್ಕೆ ಸೋಂಕು. ಕೆಲವಕ್ಕೆ ಹೊಸ ಮಜ್ಜೆಯೇ ಮನೆಯ ಯಜಮಾನನ ಮೇಲೆ ತಿರುಗಿಬಿದ್ದಿತು. ಕಸಿ ಮಾಡಿದ ಕೋಶಗಳು ಮೈಯನ್ನೇ ಪರಕೀಯ ಅಂತ ತಿಳಿದು ದಾಳಿ ಮಾಡುವ ರೋಗ ಅದು. ಬಹುತೇಕ ನಾಯಿಗಳು ಸತ್ತವು. ಕೆಲವು ಮಾತ್ರ ವರ್ಷಗಟ್ಟಲೆ ಬದುಕಿದವು. ಆ ಕೆಲವೇ ಕೆಲವು ನಾಯಿಗಳ ಮೇಲೆ ಇಡೀ ಕೆಲಸ ನಿಂತಿತು.

1963ರಲ್ಲಿ ಥಾಮಸ್ ಸಿಯಾಟಲ್‌ಗೆ ಹೋದರು. ಮುಂದೆ ಅಲ್ಲಿ ರೈನರ್ ಸ್ಟಾರ್ಬ್ ಜೊತೆಯಾದರು. ಮೆಥೊಟ್ರೆಕ್ಸೇಟ್ ಕೊಟ್ಟರೆ ಆ ತಿರುಗಿಬೀಳುವ ರೋಗ ತಗ್ಗುತ್ತದೆ ಅನ್ನುವುದು ನಾಯಿಗಳಲ್ಲೇ ಗೊತ್ತಾದದ್ದು. ಒಂದೇ ಸೂಲಿನ ಮರಿಗಳಲ್ಲಿ ಅಂಗಾಂಶದ ಗುರುತು ಹೊಂದುವ ಜೋಡಿ ಆರಿಸಿದರೆ ಮಜ್ಜೆ ನಿಲ್ಲುತ್ತದೆ ಅಂತ 1968ರಲ್ಲಿ ಪ್ರಕಟವಾದದ್ದೂ ನಾಯಿಗಳ ಲೆಕ್ಕವೇ. ಮರುವರ್ಷವೇ ಸಿಯಾಟಲ್‌ನಲ್ಲಿ ಅಣ್ಣತಮ್ಮ, ಅಕ್ಕತಂಗಿಯರ ನಡುವೆ ಗುರುತು ಹೊಂದಿಸಿ ಮನುಷ್ಯರಿಗೆ ಕಸಿ ಶುರುವಾಯಿತು. 1979ರಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಹೊಸ ಮಜ್ಜೆ ಮೈಯ ಮೇಲೆ ಸ್ವಲ್ಪ ಜಗಳ ಆಡಿದ ರೋಗಿಗಳಲ್ಲಿ ಲ್ಯುಕೇಮಿಯ ಮರಳುವುದು ಕಡಿಮೆ! ಅಂದರೆ ಗುಣ ಮಾಡುತ್ತಿದ್ದದ್ದು ಕಿರಣ ಒಂದೇ ಅಲ್ಲ, ದಾನಿಯ ರೋಗನಿರೋಧಕ ಕೋಶಗಳೂ ಕ್ಯಾನ್ಸರನ್ನು ಬೇಟೆಯಾಡುತ್ತಿದ್ದವು. ಕಿರಣ ಮತ್ತು ಇಮ್ಯುನೋಥೆರಪಿಯ ದೊಡ್ಡ ಪ್ರಮಾಣದ ಮದುವೆ ಇದೇ ಮೊದಲನೆಯದು ಅಂತ ನನ್ನ ಲೆಕ್ಕ, ಆಗ ಯಾರೂ ಆ ಹೆಸರಿಂದ ಕರೆಯದಿದ್ದರೂ. ಥಾಮಸರಿಗೆ 1990ರಲ್ಲಿ ನೊಬೆಲ್ ಬಂತು.

ಇಲ್ಲಿ ಒಂದು ಮಾತು. ಆ ಬೀಗಲ್‌ಗಳನ್ನು ಯಾರೂ ಕೇಳಲಿಲ್ಲ, ಕೇಳುವುದು ಸಾಧ್ಯವೂ ಇರಲಿಲ್ಲ. ಇವತ್ತು ನಮ್ಮ ಪರಿಚಯದ ಮಗು ಅಸ್ಥಿಮಜ್ಜೆ ಕಸಿಯಿಂದ ಬದುಕಿ ಶಾಲೆಗೆ ಹೋಗುವಾಗ "ಅಂಥ ಪ್ರಯೋಗ ಮಾಡಬಾರದಿತ್ತು" ಅನ್ನಲು ನನ್ನ ನಾಲಿಗೆ ಏಳುವುದಿಲ್ಲ. ಹಾಗಂತ ಸರಿ ಅಂತ ಠಸ್ಸೆ ಒತ್ತಲೂ ಕೈ ಬರುವುದಿಲ್ಲ. ಸ್ವರ್ಗದ ಬಾಗಿಲಲ್ಲಿ ನಾಯಿಯನ್ನು ಬಿಟ್ಟು ಒಳಗೆ ಬರಲಾರೆ ಅಂದ ಧರ್ಮರಾಯನ ಕತೆ ಕೇಳಿ ಬೆಳೆದವರು ನಾವು. ನನಗೆ ಸಮಾಧಾನ ಕೊಟ್ಟದ್ದು ಆಮೇಲೆ ದಿಕ್ಕು ಬದಲಾದ ರೀತಿ. ಸಿಯಾಟಲ್‌ನವರೇ ಎಪ್ಪತ್ತರ ದಶಕದಲ್ಲಿ ಲಿಂಫೋಮ ಬಂದ ಸಾಕುನಾಯಿಗಳಿಗೆ ಮೈಗೆಲ್ಲ ಕಿರಣ ಕೊಟ್ಟು, ಅವುಗಳದೇ ಮಜ್ಜೆ ಮರಳಿ ತುಂಬಿ ಚಿಕಿತ್ಸೆ ಮಾಡಿದರು, ಕೆಲವು ನಾಯಿಗಳು ರೋಗವಿಲ್ಲದೆ ಬಹುಕಾಲ ಬದುಕಿದವು. ನಾಯಿ ಈಗ ಪ್ರಯೋಗದ ವಸ್ತು ಅಲ್ಲ, ರೋಗಿ. ಈ ದಾರಿಯೇ ಮುಂದೆ ಬೆಳೆಯಿತು. 2003ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಇದಕ್ಕಾಗಿಯೇ ಒಂದು ವಿಭಾಗ ತೆರೆಯಿತು. ಲ್ಯಾಬಿನಲ್ಲಿ ನಾಯಿಗೆ ರೋಗ ಅಂಟಿಸುವುದಲ್ಲ, ಮನೆಯಲ್ಲಿ ಸಹಜವಾಗಿ ಕ್ಯಾನ್ಸರ್ ಬಂದ ನಾಯಿಗೆ ಯಜಮಾನರ ಒಪ್ಪಿಗೆ ಪಡೆದು ಹೊಸ ಚಿಕಿತ್ಸೆ ಕೊಡುವುದು.

ಇಲಿ ಬಿಟ್ಟು ನಾಯಿ ಯಾಕೆ? ಲ್ಯಾಬಿನ ಇಲಿಗೆ ಕ್ಯಾನ್ಸರನ್ನು ನಾವೇ ಹಚ್ಚುತ್ತೇವೆ, ಅದು ಗಾಜಿನ ಪೆಟ್ಟಿಗೆಯಲ್ಲಿ ಬದುಕುತ್ತದೆ. ನಾಯಿ ನಮ್ಮ ಮನೆಯಲ್ಲಿ, ನಮ್ಮದೇ ಗಾಳಿ ಉಸಿರಾಡಿ, ನಮ್ಮ ಹಾಗೇ ವಯಸ್ಸಾಗಿ ಕ್ಯಾನ್ಸರ್ ತರಿಸಿಕೊಳ್ಳುತ್ತದೆ. ದೊಡ್ಡ ತಳಿಯ ನಾಯಿಗಳ ಕಾಲಿನ ಮೂಳೆಗೆ ಬರುವ ಆಸ್ಟಿಯೋಸಾರ್ಕೋಮವೂ ಹದಿಹರೆಯದ ಮಕ್ಕಳಿಗೆ ಬರುವುದೂ ಅವಳಿ ಜವಳಿ ಇದ್ದ ಹಾಗೆ. ಎರಡೂ ಶ್ವಾಸಕೋಶಕ್ಕೇ ಹಬ್ಬುತ್ತವೆ.

ಆ ಮೂಳೆ ಕ್ಯಾನ್ಸರಿನ ಎರಡು ಲೆಕ್ಕ ಹೇಳಲೇಬೇಕು. 1989ರಲ್ಲಿ ವಿಸ್ಕಾನ್ಸಿನ್‌ನ ಮ್ಯಾಕ್ಯೂಅನ್ ತಂಡ ಕಾಲು ಕತ್ತರಿಸಿದ ನಾಯಿಗಳಿಗೆ ಬ್ಯಾಕ್ಟೀರಿಯಾದ ಕೋಶಭಿತ್ತಿಯ ತುಣುಕಿನ ಹಾಗೆ ತಯಾರಿಸಿದ ಒಂದು ಔಷಧಿಯನ್ನು ಕೊಬ್ಬಿನ ಹನಿಗಳಲ್ಲಿಟ್ಟು ಕೊಟ್ಟಿತು. ಕೋಲಿಯವರ ಮೊಮ್ಮಗ ಅನ್ನಬಹುದು ಅದಕ್ಕೆ. ಬರೀ ಸರ್ಜರಿ ಆದ ನಾಯಿಗಳ ಮಧ್ಯಮ ಆಯುಷ್ಯ 77 ದಿನ, ಔಷಧಿ ಸಿಕ್ಕವಕ್ಕೆ 222 ದಿನ. 145 ದಿನದ ಲಾಭ ಸಣ್ಣದು ಅನ್ನಿಸಬಹುದು. ಆದರೆ ಹತ್ತು ಹನ್ನೆರಡು ವರ್ಷ ಬದುಕುವ ಪ್ರಾಣಿಗೆ ಅದು ನಮ್ಮ ಎರಡೂವರೆ ವರ್ಷಕ್ಕೆ ಸಮ, ಲೆಕ್ಕ ಹಾಕಿ ನೋಡಿ. ಅದೇ ಔಷಧಿಯನ್ನು 2009ರಲ್ಲಿ ಯುರೋಪ್ ಮಕ್ಕಳಿಗೂ ಒಪ್ಪಿತು, ಅಮೆರಿಕ ಒಪ್ಪಲಿಲ್ಲ. ಇನ್ನೊಂದು 2005ರದ್ದು. ಕಾಲು ಉಳಿಸುವ ಸರ್ಜರಿ ಆದ ನಾಯಿಗಳಲ್ಲಿ ಗಾಯಕ್ಕೆ ಸೋಂಕು ತಗುಲಿದವು, ತಗುಲದವುಗಳಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಕಾಲ ಬದುಕಿದ್ದವು! ಸ್ಟೈನ್‌ನ ಕುತ್ತಿಗೆಯಲ್ಲಿ ಆದದ್ದೇ 120 ವರ್ಷದ ನಂತರ ನಾಯಿಯ ಕಾಲಿನಲ್ಲಿ.

ಇನ್ನು ನಮ್ಮ ಲ್ಯಾಬ್ರಡಾರ್‌ನ ರೋಗಕ್ಕೆ, ಬಾಯಿಯ ಮೆಲನೋಮಕ್ಕೆ ಬರೋಣ. ನಾಯಿಗಳಲ್ಲಿ ಇದು ಬಹಳ ಕ್ರೂರ. ಸರ್ಜರಿಯಿಂದಲೋ, ಕೆಲವೇ ದೊಡ್ಡ ಕಂತುಗಳ ಕಿರಣದಿಂದಲೋ ಬಾಯಿಯ ಗಡ್ಡೆ ಕುಗ್ಗುತ್ತದೆ. ಆದರೆ ಅಷ್ಟರಲ್ಲಿ ಶ್ವಾಸಕೋಶಕ್ಕೆ ಬೀಜ ಬಿದ್ದಾಗಿರುತ್ತದೆ. ನ್ಯೂಯಾರ್ಕಿನ ಪಶುವೈದ್ಯ ಫಿಲಿಪ್ ಬರ್ಗ್‌ಮನ್ ಮತ್ತು ಮನುಷ್ಯರ ಮೆಲನೋಮ ತಜ್ಞ ಜೆಡ್ ವೊಲ್ಚಾಕ್ ಕೈಜೋಡಿಸಿದರು. ಮನುಷ್ಯನ ಟೈರೋಸಿನೇಸ್ ಎಂಬ ಪ್ರೋಟೀನಿನ ಡಿಎನ್‌ಎಯನ್ನು ನಾಯಿಗೆ ಲಸಿಕೆಯಾಗಿ ಕೊಡುವುದು. ಅದು ನಾಯಿಯ ಪ್ರೋಟೀನಿನ ಹಾಗೇ ಇದೆ, ಆದರೆ ಪೂರ್ತಿ ಅಲ್ಲ. ಆ ಸಣ್ಣ ವ್ಯತ್ಯಾಸಕ್ಕೆ ನಾಯಿಯ ಕಾವಲು ಪಡೆ ಎಚ್ಚೆತ್ತು, ಅದೇ ಪ್ರೋಟೀನ್ ಹೊತ್ತ ಗಡ್ಡೆಯ ಮೇಲೂ ಬೀಳಬೇಕು. 2003ರ ಮೊದಲ ವರದಿಯ 9 ನಾಯಿಗಳ ಮಧ್ಯಮ ಆಯುಷ್ಯ 389 ದಿನ. 2007ರಲ್ಲಿ ಅಮೆರಿಕ ಷರತ್ತಿನ ಪರವಾನಗಿ ಕೊಟ್ಟಿತು, ನಂತರ ಪೂರ್ಣ ಪರವಾನಗಿ. ಮನುಷ್ಯರಿಗೆ ಅಂಥ ಚಿಕಿತ್ಸಾ ಲಸಿಕೆ ಅಲ್ಲಿ ಬರುವ ಮೊದಲೇ ನಾಯಿಗೆ ಬಂತು. ಸರ್ಜರಿ ಅಥವಾ ಕಿರಣದಿಂದ ಬಾಯಿಯ ಗಡ್ಡೆ ಹತೋಟಿಗೆ ತಂದು, ಆಮೇಲೆ ಲಸಿಕೆ ಅನ್ನುವುದು ಕ್ರಮ. ಆದರೆ 2013ರಲ್ಲಿ ಬೇರೆಯವರು ಹಳೇ ದಾಖಲೆ ತೆಗೆದು ನೋಡಿದಾಗ ಲಸಿಕೆ ಪಡೆದವಕ್ಕೂ ಪಡೆಯದವಕ್ಕೂ ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆ ಚರ್ಚೆ ಇನ್ನೂ ಮುಗಿದಿಲ್ಲ.

ಕಿರಣವೂ ಕಾವಲು ಪಡೆಯೂ ಜೊತೆಯಾಗಿ ಹೇಗೆ ಕೆಲಸ ಮಾಡುತ್ತವೆ? ನನ್ನ ಭಾಷೆಯಲ್ಲಿ ಹೇಳುತ್ತೇನೆ. ರಕ್ತದ ಟಿ ಕೋಶಗಳು ಆಡಿಟರ್‌ಗಳು. ಕ್ಯಾನ್ಸರ್ ಅಂದರೆ ಖಾತೆಯನ್ನು ಚೆನ್ನಾಗಿ ತಿದ್ದಿಟ್ಟ ಬ್ರಾಂಚು, ಮೇಲ್ನೋಟಕ್ಕೆ ಎಲ್ಲ ಸರಿ. ಕಿರಣ ಬಿದ್ದಾಗ ಕೋಶಗಳ ಡಿಎನ್‌ಎ ಮುರಿದು, ಅವು ಸಾಯುತ್ತಾ ಒಳಗಿನ ಕಾಗದಗಳೆಲ್ಲ ಬೀದಿಗೆ ಚೆಲ್ಲುತ್ತವೆ. ಈಗ ಆಡಿಟರಿಗೆ ಸಾಕ್ಷಿ ಸಿಕ್ಕಿತು, ಅದೇ ಥರದ ಬೇರೆ ಬ್ರಾಂಚುಗಳನ್ನೂ ಹುಡುಕಬಹುದು. ಆದರೆ ಗಡ್ಡೆ ಸುಮ್ಮನಿರುವುದಿಲ್ಲ, "ಈ ತನಿಖೆ ಇಲ್ಲಿಗೇ ನಿಲ್ಲಿಸಿ" ಅಂತ ಮೇಲಿನಿಂದ ಫೋನು ಮಾಡಿಸುತ್ತದೆ! ಸಿಟಿಎಲ್‌ಎ-4, ಪಿಡಿ-1 ಅಂತ ಕರೆಯುವುದು ಟಿ ಕೋಶಗಳ ಮೈಮೇಲೆ ಆ ಫೋನು ಬರುವ ಲೈನುಗಳನ್ನು. ಕಿರಣ ಬಿದ್ದ ಮೇಲೆ ಕೆಲವು ಸಲ ಈ ಫೋನು ಇನ್ನೂ ಜೋರಾಗುತ್ತದೆ. ಆ ಲೈನು ಕತ್ತರಿಸುವ ಔಷಧಿಗೆ ದಾರಿ ಮಾಡಿದ ಅಲಿಸನ್ ಮತ್ತು ಹೋಂಜೊ ಅವರಿಗೆ 2018ರ ನೊಬೆಲ್. 2012ರಲ್ಲಿ ಪ್ರಕಟವಾದ ವರದಿಯ ಪ್ರಕಾರ ನ್ಯೂಯಾರ್ಕಿನ ಒಬ್ಬ ಮೆಲನೋಮ ರೋಗಿಯ ಬೆನ್ನುಮೂಳೆ ಪಕ್ಕದ ಗಡ್ಡೆಗೆ ಮಾತ್ರ ಕಿರಣ ಕೊಟ್ಟಿದ್ದರು. ಅವರು ಇಂಥದೇ ಔಷಧಿಯಲ್ಲಿದ್ದರು. ಕಿರಣ ತಾಗದ ಗುಲ್ಮದ ಗಡ್ಡೆಗಳೂ ಕುಗ್ಗಿದವು. ಮೋಲ್ ಅವರ 1953ರ ಪದ ಧೂಳು ಕೊಡವಿಕೊಂಡು ಎದ್ದಿತು.

ಇದನ್ನು ನಾಯಿಗಳಲ್ಲಿ ಮಾಡಿ ನೋಡಿದವರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಮುಂದೆ. 2016ರಲ್ಲಿ ಅವರು ಕಿರಣದ ಜೊತೆ ಗಡ್ಡೆಯೊಳಗೇ ಕಾವಲು ಪಡೆಯನ್ನು ಕೆಣಕುವ ಇಂಜೆಕ್ಷನ್, ಮತ್ತು ಆ ತಡೆಯುವ ಫೋನುಗಳಲ್ಲಿ ಒಂದನ್ನು ಕತ್ತರಿಸುವ ಔಷಧಿ ಹೀಗೆ ಮೂರನ್ನೂ ಕೆಲವು ನಾಯಿಗಳಿಗೆ ಕೊಟ್ಟ ವರದಿ ಬರೆದರು. 2017ರ ವರದಿ ಇನ್ನೂ ಸ್ಪಷ್ಟ. ಮೂಳೆ ಕ್ಯಾನ್ಸರಿನ 10 ನಾಯಿಗಳಿಗೆ ವಾರಕ್ಕೊಮ್ಮೆ 9 ಗ್ರೇ ಕಿರಣ, ನಾಲ್ಕು ವಾರ. ನಂತರ ಅವುಗಳದೇ ರಕ್ತದಿಂದ ತೆಗೆದು ಬೆಳೆಸಿದ 'ನ್ಯಾಚುರಲ್ ಕಿಲ್ಲರ್' ಕೋಶಗಳನ್ನು ಗಡ್ಡೆಗೆ ಚುಚ್ಚಿದರು. ಆರು ತಿಂಗಳಿಗೆ ಐದು ನಾಯಿಗಳಲ್ಲಿ ರೋಗ ಬೇರೆಡೆ ಹಬ್ಬಿರಲಿಲ್ಲ, ಒಂದು ನಾಯಿಯ ಶ್ವಾಸಕೋಶದ ಗಂಟು ಕುಗ್ಗಿತ್ತು. ಹತ್ತೇ ನಾಯಿ, ಹೋಲಿಸಲು ಬೇರೆ ಗುಂಪಿಲ್ಲ. ಇಷ್ಟು ಸಣ್ಣ ಸ್ಯಾಂಪಲ್ ಮೇಲೆ ನಾನು ಯಾರಿಗೂ ಸಾಲ ಮಂಜೂರು ಮಾಡುವುದಿಲ್ಲ, ಆದರೆ ಅರ್ಜಿಯನ್ನು ವಾಪಸ್ಸೂ ಕಳಿಸುವುದಿಲ್ಲ. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದವರು ನಾಯಿಗೆಂದೇ ಪಿಡಿ-ಎಲ್1 ತಡೆಯುವ ಪ್ರತಿಕಾಯ ತಯಾರಿಸಿ, ಶ್ವಾಸಕೋಶಕ್ಕೆ ಹಬ್ಬಿದ ಬಾಯಿ ಮೆಲನೋಮದ ನಾಯಿಗಳಲ್ಲಿ ಅದನ್ನು ಕಿರಣದೊಂದಿಗೆ ಕೊಟ್ಟು ನೋಡಿ 2023ರಲ್ಲಿ ಪ್ರಕಟಿಸಿದರು. ಅದೇ ವರ್ಷ ಅಮೆರಿಕದಲ್ಲಿ ಗಿಲ್ವೆಟ್‌ಮ್ಯಾಬ್ ಎಂಬ ನಾಯಿಗಳ ಪಿಡಿ-1 ಔಷಧಿಗೆ ಷರತ್ತಿನ ಅನುಮತಿ ಸಿಕ್ಕಿತು.

ಮೂರನೇ ಮಹಡಿಯವರಿಗೆ ಇಷ್ಟನ್ನೂ ಹೇಳಿದೆ. ಕಿರಣ ಕೊಡಬೇಕಾದರೆ ನಾಯಿ ಅಲುಗಾಡಬಾರದು, ಪ್ರತಿ ಸಲವೂ ಅನಸ್ತೇಶಿಯ ಬೇಕು. ಮನುಷ್ಯರ ಲೀನಿಯರ್ ಆಕ್ಸಿಲರೇಟರಿಗೇ ನಮ್ಮಲ್ಲಿ ತಿಂಗಳುಗಟ್ಟಲೆ ಕ್ಯೂ ಇರುವಾಗ ನಾಯಿಗೆ ಯಾರು ಇಟ್ಟಾರು? ಅವರು ಗಡ್ಡೆ ತೆಗೆಸಿದರು ಅಷ್ಟೇ. ನಾಯಿ ಇನ್ನೂ ಐದು ತಿಂಗಳು ಇತ್ತು. ಕೊನೆಯ ವಾರದವರೆಗೂ ಲಿಫ್ಟಿನ ಬಾಗಿಲಲ್ಲಿ ಬಾಲ ಅಲ್ಲಾಡಿಸುತ್ತಿತ್ತು.

2024ರಲ್ಲಿ ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟ್‌ನವರ ಹೊಸ ಪ್ರಾಣಿ ಆಸ್ಪತ್ರೆ ಶುರುವಾಗಿದೆ, ಪರೇಲಿನಿಂದ ದೂರವೇನಿಲ್ಲ. ಬೀದಿ ನಾಯಿಯ ಆ ಹಳೇ ಗಡ್ಡೆಗೆ ಮಾತ್ರ ಈಗಲೂ ವಾರಕ್ಕೊಂದು ವಿನ್‌ಕ್ರಿಸ್ಟೀನ್ ಸಾಕು, ಯಾರಾದರೂ ಹಿಡಿದು ತಂದರೆ.